ತೈಲಸ್ರಾವ: ಹಳೆಯ ಅಂಬಾಸಡರ್ ಕಾರಿನಲ್ಲಿ ಅದರ ನಿದಾನ

ಎಂಜಿನ್ನಿನಲ್ಲಿಯೂ ಗೇರುಪೆಟ್ಟಿಗೆಯಲ್ಲಿಯೂ ತುಂಬಿರತಕ್ಕ ಎಣ್ಣೆಯು ಗ್ಯಾಸ್ಕೆಟ್ಟು ಸೀಲುಗಳ ಸಂದಿನಿಂದ ಜಿನುಗಿದಾಗ ಅದರ ಉಗಮಸ್ಥಾನವನ್ನು ನಿರ್ಣಯಿಸುವ ಕ್ರಮ. ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರಿನಿಂದ ರೂಪತಳೆದು, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಅಂಬಾಸಡರ್, ಅದರಲ್ಲಿಯೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಶ್ರೇಣಿಗೆ ಸೇರಿದ 1489 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ನುಳ್ಳದ್ದು, ಈ ವಿಷಯದ ಅಭ್ಯಾಸಕ್ಕೆ ಉಚಿತವಾದ ನಿದರ್ಶನ.

ಶೋಧನೆ: ಎಣ್ಣೆಯು ತನ್ನ ಭಾರದಿಂದ ಕೆಳಕ್ಕೂ, ಗಾಡಿ ಓಡುವಾಗಿನ ಗಾಳಿಯಿಂದ ಹಿಂದಕ್ಕೂ ಸರಿಯುವುದಾದಕಾರಣ, ನೆಲದ ಮೇಲೆ ಹನಿ ಬಿದ್ದ ಸ್ಥಳವು ಸೋರುವ ಸ್ಥಳವಾಗಿರುವುದು ಅಪರೂಪ. ಮೇಲಣ ಟ್ಯಾಪೆಟ್ ಕವರಿನ ಬಿರಟೆ ಗ್ಯಾಸ್ಕೆಟ್ಟು ಒಣಗಿ ಸೆಟೆದುಕೊಂಡರೆ, ಅಲ್ಲಿಂದಿಳಿದ ಎಣ್ಣೆ ಎಂಜಿನ್ನಿನ ಹಿಂಬದಿಯಲ್ಲಿ ಹರಿದು ಕ್ಲಚ್ಚಿನ ಗೂಡಿನ ಕೆಳಗೆ ತೊಟ್ಟಿಕ್ಕುತ್ತದೆ. ನೋಡಿದವರು ಹಿಂದಿನ ಸೀಲು ಹೋಯಿತೆಂದು ಗೇರುಪೆಟ್ಟಿಗೆಯನ್ನೇ ಇಳಿಸಿಬಿಡುವುದುಂಟು. ಆದುದರಿಂದ ಎಂಜಿನ್ನನ್ನು ಸೀಮೆಎಣ್ಣೆಯಿಂದ ತೊಳೆದು, ಚೆನ್ನಾಗಿ ಒಣಗಿಸಿ, ಸಂದೇಹವಿರುವೆಡೆಗಳಿಗೆ ಸೀಮೆಸುಣ್ಣದ ಪುಡಿಯನ್ನು ಹಚ್ಚಿ, ಕೆಲವು ಮೈಲಿ ಓಡಿಸಿದ ಮೇಲೆ, ಬಿಳಿಯ ಪುಡಿಯು ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಎಲ್ಲಿ ಕಪ್ಪಾಗಿದೆಯೆಂದು ನೋಡತಕ್ಕದ್ದು.

ಹಿಂಬದಿಯ ಸೋರಿಕೆ: ಈ ಎಂಜಿನ್ನಿನ ಕ್ರ್ಯಾಂಕಿನ ಹಿಂತುದಿಗೆ ರಬ್ಬರಿನ ಸೀಲೇ ಇಲ್ಲವೆಂಬುದು ಗಮನಾರ್ಹ. ಅದಕ್ಕೆ ಬದಲಾಗಿ ದಂಡದ ಮೈಮೇಲೆ ತಿರುಪಿನಂಥ ಎಳೆಯೊಂದನ್ನು ಕೊರೆದಿದ್ದು, ಅದು ಸುತ್ತಣ ಲೋಹವನ್ನು ಮುಟ್ಟದೆ, ಕೂದಲೆಳೆಯಷ್ಟು ಅಂತರದಲ್ಲಿ ತಿರುಗುತ್ತ, ಹೊರಟುಬಂದ ಎಣ್ಣೆಯನ್ನು ಮುಂದಕ್ಕೆ ತಳ್ಳಿ ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಚೇಂಬರಿಗೆ ಮರಳಿಸುತ್ತದೆ. ದಂಡವು ತಿರುಗುವವರೆಗೆ ಮಾತ್ರ ಈ ತಡೆ. ನಿಂತೊಡನೆ ಅದು ಬರಿಯ ಸಂದು. ಏರುದಾರಿಯಲ್ಲಿ ಮೂತಿ ಮೇಲಾಗಿ ನಿಲ್ಲಿಸಿದ ಕಾರಿನ ಕೆಳಗೆ ಬೆಳಗ್ಗೆ ನಾಲ್ಕಾರು ಹನಿ ಕಂಡರೆ ಅದನ್ನು ರೋಗವೆನ್ನಲಾಗದು, ಅದು ಆ ರಚನೆಯ ಸ್ವಭಾವ. ಹನಿಯು ಧಾರೆಯಾದರೆ ಮಾತ್ರ, ಹಿಂದಿನ ಮೇನ್ ಬೇರಿಂಗು ಸವೆದು ಎಳೆಯ ಶಕ್ತಿಗೆ ಮೀರಿದ ಎಣ್ಣೆಯನ್ನು ಬಿಡುತ್ತಿರಬಹುದು, ಅಥವಾ ಪಿಸ್ಟನ್ ರಿಂಗುಗಳು ಸವೆದು ದಹನದ ಅನಿಲವು ಚೇಂಬರಿಗಿಳಿದು, ಒಳಗಣ ಒತ್ತಡವೇ ಎಣ್ಣೆಯನ್ನು ಹೊರದೂಡುತ್ತಿರಬಹುದು. ಎರಡನೆಯದನ್ನು ಮೊದಲು ಪರೀಕ್ಷಿಸುವುದೇ ವಿವೇಕ: ಎಂಜಿನ್ನು ಬಿಸಿಯಾಗಿ ಓಡುತ್ತಿರುವಾಗ ಎಣ್ಣೆ ಹೊಯ್ಯುವ ಮುಚ್ಚಳವನ್ನು ತೆಗೆದರೆ ಹೊಗೆಯು ಪುಸುಪುಸನೆ ಏಳುವುದೇ, ಆ ಒತ್ತಡವನ್ನು ಹೊರಬಿಡತಕ್ಕ ಬ್ರೀದರ್ ಕೊಳವೆ ಕಟ್ಟಿಕೊಂಡಿದೆಯೇ ಎಂಬುದನ್ನು ನೋಡಲು ಅರ್ಧಗಂಟೆ ಸಾಕು. ಕಟ್ಟಿದ ಕೊಳವೆಯನ್ನು ತೊಳೆದ ಮಾತ್ರಕ್ಕೆ ಸೋರಿಕೆ ನಿಂತ ಎಂಜಿನ್ನುಗಳನ್ನು ಈ ಲೇಖಕನು ಕಣ್ಣಾರೆ ಕಂಡಿದ್ದಾನೆ.

ಗೇರುಪೆಟ್ಟಿಗೆ: ಕ್ಲಚ್ಚಿನ ಗೂಡಿನಿಂದ ಇಳಿಯುವ ಎಣ್ಣೆ ಎಂಜಿನ್ನಿನದೋ ಗೇರಿನದೋ ಎಂಬುದನ್ನು ಬಣ್ಣ ವಾಸನೆಗಳಿಂದ ತಿಳಿಯಬಹುದು. ಓಡಿದ ಎಂಜಿನ್ ಎಣ್ಣೆ ಕಪ್ಪು. ಗೇರೆಣ್ಣೆ ಮಂದವಾಗಿ ಜೇನಿನ ಬಣ್ಣದ್ದಾಗಿದ್ದು ಗಂಧಕದ ಘಾಟನ್ನು ಸೂಸುತ್ತದೆ. ಆದರೆ ಗೇರುಪೆಟ್ಟಿಗೆಗೂ ಎಂಜಿನ್ ಎಣ್ಣೆಯನ್ನೇ ಹೊಯ್ದಿದ್ದರೆ ಮೂಗು ನೆರವಾಗದು. ಗೇರುಪೆಟ್ಟಿಗೆಯ ಹಿಂತುದಿಯ ಸೀಲು ಹೋದರೆ ಅನುಮಾನಕ್ಕೆಡೆಯಿಲ್ಲ: ತಿರುಗುವ ಪ್ರೊಪೆಲ್ಲರ್ ಷಾಫ್ಟು ಎಣ್ಣೆಯನ್ನು ಎರಚಿ, ಕಾರಿನ ಅಡಿಯ ತಗಡಿನ ಮೇಲೆ ಅಡ್ಡಲಾಗಿ ಒಂದು ಪಟ್ಟೆಯನ್ನು ಬಳಿದಿರುತ್ತದೆ.