ಬೂದಿಗೆ ಹೋದ ಕಾಳು

ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯ ಅಂಚಿನಲ್ಲಿ, ಕಾಂಡ್ಲಾ ಗಿಡಗಳ ಹಿಂದಿನ ಸವಳು ನೆಲದಲ್ಲಿ, ಮಗಳು ನನಗೆ ಬೇಟಿಸ್ ಮರಿಟಿಮಾ ತೋರಿಸಿದಳು. ಮೊಣಕಾಲೆತ್ತರದ ಪೊದೆ. ಎದುರುಬದುರು ಕೂತ ಎಲೆಗಳು ಬೆರಳ ಗೆಣ್ಣಿನಷ್ಟುದ್ದ, ತುಸು ಬಾಗಿ, ರಸ ತುಂಬಿ ಉಬ್ಬಿದ್ದವು. ಒಂದನ್ನು ಕಿತ್ತು ಬಾಯಿಗಿಟ್ಟೆ, ಉಪ್ಪೋ ಉಪ್ಪು. ಸಾಸಿವೆ, ನುಗ್ಗೆ, ಪಪ್ಪಾಯಿಗಳ ಗಣಕ್ಕೇ ಸೇರಿದ ಗಿಡವಿದು. ಕುಮಟೆಯ ಗಜನಿಯಲ್ಲಿ, ಎಂದರೆ ಕಡಲ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಉಪ್ಪು ತಾಳುವ ಕಗ್ಗದ ಭತ್ತ ಬೆಳೆದ ಮನೆಯವನು ನಾನು. ಉಪ್ಪುನೀರಲ್ಲಿ ನಿಂತು ತಿನ್ನುವ ಕಾಳು ಕೊಡುವ ಗಿಡ ಇನ್ನೊಂದಿದೆ ಎಂದಮೇಲೆ ಅದರ ಪೂರ್ವಾಪರ ಹುಡುಕದೆ ಬಿಡಲಾಗಲಿಲ್ಲ.

ಬೇಟಿಸ್ ಎಂಬ ಹೆಸರನ್ನು ಇದಕ್ಕೆ ಇಟ್ಟವನು ಐರಿಶ್ ವೈದ್ಯ ಪ್ಯಾಟ್ರಿಕ್ ಬ್ರೌನ್, 1756ರಲ್ಲಿ ಅಚ್ಚಾದ ತನ್ನ ಜಮೈಕಾ ಚರಿತ್ರೆಯಲ್ಲಿ. ಮೂರು ವರ್ಷದ ಮೇಲೆ ಸಸ್ಯವಿಜ್ಞಾನಿ ಲಿನೇಯಸ್ ‘ಮರಿಟಿಮಾ’ ಸೇರಿಸಿದ. ಆಗಿನ ಯುರೋಪಿನ ವ್ಯಾಪಾರಿಗೆ ಇಂಥ ಗಿಡವೆಂದರೆ ಬೂದಿ. ಸೋಪಿಗೂ ಗಾಜಿಗೂ ಬೇಕಾದ ಸೋಡಾ ಸ್ಪೇನಿನ ಉಪ್ಪುನೆಲದ ಗಿಡಗಳನ್ನು ಸುಟ್ಟು ಬರುತ್ತಿತ್ತು. ಅದಕ್ಕೆ ಬರಿಲ್ಲಾ ಎನ್ನುತ್ತಿದ್ದರು. ನಮ್ಮ ಅಗಸರು ಸವಳು ಮಣ್ಣಿನಿಂದ ಬಟ್ಟೆಯ ಕೊಳೆ ಬಿಡಿಸುತ್ತಿದ್ದುದೂ ಇಂಥದೇ ಕ್ಷಾರದ ಬಲದಿಂದ. ಬೇಟಿಸನ್ನೂ ಸುಟ್ಟರು, ಬರಿಲ್ಲಾ ಎಂಬ ಹೆಸರು ಅದಕ್ಕೂ ಅಂಟಿತು. 1791ರಲ್ಲಿ ಫ್ರಾನ್ಸಿನ ನಿಕೊಲಾ ಲೆಬ್ಲಾಂ ಅಡುಗೆ ಉಪ್ಪಿನಿಂದಲೇ ಸೋಡಾ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಕಾರ್ಖಾನೆಗಳು ಎದ್ದವು, ಗಿಡದ ಬೂದಿಯನ್ನು ಕೇಳುವವರಿಲ್ಲವಾದರು.

ಮೆಕ್ಸಿಕೊದ ಸೊನೋರಾ ಕರಾವಳಿಯ ಸೆರಿ ಜನ ಇದನ್ನು ಬೇರೆ ಬಗೆಯಲ್ಲಿ ಬಲ್ಲವರು. ಸಿಹಿಗೆಂದು ಇದರ ಬೇರು ಅಗಿಯುತ್ತಿದ್ದರು, ಕಾಫಿಗೂ ಹಾಕುತ್ತಿದ್ದರು. ಅಂಥ ಉಪ್ಪುಮಣ್ಣಿನ ಬೇರಲ್ಲಿ ಸಿಹಿ ಇದೆಯೆಂದು ಮೊದಲು ಕಂಡುಕೊಂಡವರ ನಾಲಗೆಗೆ ನನ್ನ ನಮಸ್ಕಾರ.

ಹೆಣ್ಣುಗಿಡ ಬೇರೆ, ಗಂಡುಗಿಡ ಬೇರೆ. ಹೆಣ್ಣುಗಿಡದ ಕಾಯಿ ಗಂಟುಗಂಟಾದ ಪುಟ್ಟ ಆಲೂಗಡ್ಡೆಯಂತೆ. ಅದು ಕಡಲಲ್ಲಿ ತೇಲಿ ಹೊಸ ದಡ ಹಿಡಿಯುತ್ತದೆ. ಹವಾಯಿಯಲ್ಲಿ 1859ರ ಹೊತ್ತಿಗೆ ಕಾಣಿಸಿಕೊಂಡು, ಈಗ ನೀರಹಕ್ಕಿಗಳು ಮೇಯುವ ಕೆಸರುಬಯಲನ್ನೇ ಮುಚ್ಚುತ್ತಿದೆ. ಅಲ್ಲಿ ಅದು ಕಳೆಯೇ ಸರಿ, ತಂದು ನೆಡಬೇಕೆಂದು ನಾನು ಯಾರಿಗೂ ಹೇಳಲಾರೆ. ಆದರೆ ತವರಿನಲ್ಲೂ ಅದನ್ನು ಬರೀ ಬೂದಿಯ ಲೆಕ್ಕದಲ್ಲಿ ನೋಡಿದ್ದು ಗಜನಿಯವನ ಕಣ್ಣಿಗೆ ತಪ್ಪೆಂದೇ ಕಾಣುತ್ತದೆ. ಕಾಯಿಯೊಳಗಿನ ಬೀಜ ಹುರಿದರೆ ಪುಟ್ಟ ಅರಳಾಗುತ್ತದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅದನ್ನು ಅಳೆದು ನೋಡಿತು: ನೂರರಲ್ಲಿ ಸುಮಾರು 17 ಪಾಲು ಪ್ರೋಟೀನು, 25 ಪಾಲು ಎಣ್ಣೆ. ಆ ಎಣ್ಣೆ ಹೆಚ್ಚುಕಡಿಮೆ ನಮ್ಮ ಕುಸುಬೆ ಎಣ್ಣೆಯಂತೆಯೇ ಇದೆ.