ಮುಪ್ಪು, ಕರುಳು ಮತ್ತು ಒಂದು ಬಟ್ಟಲು ಮೊಸರು

ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುತ್ತದಲ್ಲವೇ? ಇದೇ ಉರಿಯೂತ. ಇದು ದೇಹವೇ ಹೂಡುವ ಹೋರಾಟವೆಂದು ತೋರಿಸಿಕೊಟ್ಟವರು ಇಲ್ಯಾ ಮೆಚ್ನಿಕಾಫ್. ಈಗಿನ ಉಕ್ರೇನಿನ ಹಾರ್ಕಿವ್ ಬಳಿ 1845ರಲ್ಲಿ ಹುಟ್ಟಿದ ಇವರು ವೈದ್ಯರಲ್ಲ, ಪ್ರಾಣಿಶಾಸ್ತ್ರಜ್ಞರು.

1882ರಲ್ಲಿ ಅವರು ಸಿಸಿಲಿಯ ಮೆಸೀನಾ ಪಟ್ಟಣದಲ್ಲಿದ್ದರು. ಒಂದು ದಿನ ಮನೆಯವರೆಲ್ಲ ಸರ್ಕಸ್ಸಿಗೆ ಹೋಗಿದ್ದಾಗ, ಒಬ್ಬರೇ ಕುಳಿತು ಸೂಕ್ಷ್ಮದರ್ಶಕದಲ್ಲಿ ನಕ್ಷತ್ರಮೀನಿನ ಗಾಜಿನಂಥ ಮರಿಗಳನ್ನು ನೋಡುತ್ತಿದ್ದರು. ಏನೋ ಹೊಳೆಯಿತು. ತೋಟದಿಂದ ಗುಲಾಬಿ ಮುಳ್ಳುಗಳನ್ನು ತಂದು ಮರಿಗಳ ಚರ್ಮದಡಿ ಚುಚ್ಚಿದರು. ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಿಗ್ಗೆ ನೋಡಿದರೆ ಅಲೆದಾಡುವ ಜೀವಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು! ಬಿಳಿ ರಕ್ತಕಣಗಳು ರೋಗಾಣುಗಳನ್ನು ದೇಹದೊಳಗೆ ಹೊತ್ತು ಹರಡುತ್ತವೆಂದು ಅನೇಕ ವೈದ್ಯರು ನಂಬಿದ್ದ ಕಾಲ ಅದು. ಅವು ರೋಗಾಣುಗಳನ್ನು ನುಂಗುತ್ತವೆ ಎಂದರು ಮೆಚ್ನಿಕಾಫ್. 1908ರ ನೊಬೆಲ್ ಬಹುಮಾನವನ್ನು ಪಾಲ್ ಎರ್ಲಿಕ್ ಅವರೊಂದಿಗೆ ಹಂಚಿಕೊಂಡರು.

ಪ್ಯಾರಿಸಿನ ಪಾಶ್ಚರ್ ಸಂಸ್ಥೆ ಸೇರಿದ ಮೇಲೆ ಅವರ ಗಮನ ಕರುಳಿನ ಕಡೆ ಹೊರಳಿತು. 1892ರಲ್ಲಿ ಕಾಲರಾ ರೋಗಾಣುಗಳನ್ನು ತಾವೇ ಕುಡಿದರು, ಏನೂ ಆಗಲಿಲ್ಲ. ಕುಡಿದ ಸ್ವಯಂಸೇವಕನೊಬ್ಬನಿಗೂ ಏನೂ ಆಗಲಿಲ್ಲ. ಇನ್ನೊಬ್ಬ ಮಾತ್ರ ಸಾವಿನ ಬಾಗಿಲಿಗೆ ಹೋಗಿ ಬಂದ. (ಇಂಥ ಪ್ರಯೋಗವನ್ನು ಇಂದು ಯಾರೂ ಒಪ್ಪಲಾರರು.) ಒಂದೇ ರೋಗಾಣು, ಫಲ ಮಾತ್ರ ಬೇರೆ ಬೇರೆ ಏಕೆ? ಕರುಳಿನಲ್ಲಿ ಮೊದಲೇ ನೆಲೆಸಿರುವ ಸೂಕ್ಷ್ಮಜೀವಿಗಳೇ ಅದಕ್ಕೆ ಕಾರಣವಿರಬೇಕೆಂದು ಅವರು ಊಹಿಸಿದರು.

ಆಮೇಲೆ ಇನ್ನೂ ದೂರ ಹೋದರು. ದೊಡ್ಡ ಕರುಳಿನಲ್ಲಿ ಕೊಳೆಯುವ ಆಹಾರದ ವಿಷವೇ ಮುಪ್ಪಿಗೆ ಮೂಲ ಎಂದರು. ಬಲ್ಗೇರಿಯಾದ ರೈತರ ದೀರ್ಘಾಯುಷ್ಯಕ್ಕೆ ಹುಳಿಹಾಲು ಕಾರಣವೆಂದು ನಂಬಿ, ತಾವೂ ದಿನವೂ ಕುಡಿದರು. ಈ ವಾದ ಹಿಡಿದು ಲಂಡನ್ನಿನ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನ್ ಮಲಬದ್ಧತೆಯ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆದರು, ಕೆಲವರು ಉಳಿಯಲಿಲ್ಲ. ಅರ್ಧ ಸತ್ಯಕ್ಕೆ ತೆತ್ತ ಬೆಲೆ ಇದು. ಹುಳಿಹಾಲಿನ ಆ ಬ್ಯಾಕ್ಟೀರಿಯಾ ನಮ್ಮ ಕರುಳಿನಲ್ಲಿ ನೆಲೆಯೂರುವುದಿಲ್ಲವೆಂದು 1920ರ ದಶಕದ ಹೊತ್ತಿಗೆ ಅಮೆರಿಕದಲ್ಲಿ ತಿಳಿದುಬಂತು. ಮೆಚ್ನಿಕಾಫ್ ಅಷ್ಟರಲ್ಲಿ ತೀರಿಕೊಂಡಿದ್ದರು, 1916ರಲ್ಲಿ, 71ನೆಯ ವಯಸ್ಸಿನಲ್ಲಿ.

ಹಾಗಾದರೆ ಎಲ್ಲವೂ ಸುಳ್ಳೇ? ಕೆನಡಾದ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಇಲಿಗಳ ಅಧ್ಯಯನ ನೋಡಿ. ವಯಸ್ಸಾದ ಇಲಿಗಳ ಕರುಳಿನ ಗೋಡೆ ಸೋರತೊಡಗಿ, ಬ್ಯಾಕ್ಟೀರಿಯಾಗಳ ಚೂರುಗಳು ರಕ್ತ ಸೇರಿ, ಮೈಯೆಲ್ಲ ಸಣ್ಣಗೆ ಉರಿಯೂತ ಹರಡಿತ್ತು. ರೋಗಾಣು ಕೊಲ್ಲುವ ಭಕ್ಷಕಕೋಶಗಳ ಕಸುವೂ ಕುಂದಿತ್ತು. ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಮುಪ್ಪಿನ ಈ ಉರಿಯೂತ ಏರಲಿಲ್ಲ.

ಇನ್ನು ಆಹಾರ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 36 ಜನ ಆರೋಗ್ಯವಂತರನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. 10 ವಾರ ಮೊಸರಿನಂಥ ಹುದುಗಿದ ಆಹಾರ ಹೆಚ್ಚು ತಿಂದವರ ರಕ್ತದಲ್ಲಿ ಉರಿಯೂತ ಸೂಚಿಸುವ 19 ಪ್ರೋಟೀನುಗಳು ಇಳಿದವು. ನಾರಿನಂಶ ಹೆಚ್ಚು ತಿಂದವರಲ್ಲಿ ಅಂಥ ಇಳಿಕೆ ಒಟ್ಟಾರೆ ಕಾಣಲಿಲ್ಲ. ಆದರೆ ಇದು ಚಿಕ್ಕ ಪ್ರಯೋಗ, ಅಳೆದದ್ದು ರಕ್ತವನ್ನು, ಆಯುಸ್ಸನ್ನಲ್ಲ.