ಸೌತ್ ಕೆನ್ಸಿಂಗ್ಟನ್ನಿನಲ್ಲಿ ಶ್ರೀರಂಗಪಟ್ಟಣದ ಹುಲಿ

ಈ ವಾರಾಂತ್ಯ ಸ್ನೇಹಿತರೊಂದಿಗೆ ಪಿನ್ನರ್‌ನಲ್ಲಿ ಮೆಟ್ರೋಪಾಲಿಟನ್ ರೈಲು ಹತ್ತಿ ಲಂಡನ್ನಿನ ಮ್ಯೂಸಿಯಂಗಳನ್ನು ಸುತ್ತುವ ಯೋಚನೆಯಿದೆಯೇ? ಹಾಗಾದರೆ ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಿಂದ ಶುರುಮಾಡಿ. ಪ್ರವೇಶ ಉಚಿತ. ನಮ್ಮೂರಿನ ಹುಲಿಯೊಂದು ಆ ಮ್ಯೂಸಿಯಂನ ಸ್ವತ್ತು. ಯಾವ ಕೋಣೆಯಲ್ಲಿದೆಯೆಂದು ಮೊದಲೇ ವಿಚಾರಿಸಿಕೊಳ್ಳಿ.

ಅದು ಟಿಪ್ಪು ಸುಲ್ತಾನನ ಮರದ ಹುಲಿ. ಬಿದ್ದ ಯುರೋಪಿಯನ್ನನೊಬ್ಬನ ಕುತ್ತಿಗೆಗೆ ಬಾಯಿ ಹಾಕಿದೆ. ಹಿಡಿ ತಿರುಗಿಸಿದರೆ ಅವನ ಕೈ ಮೇಲೇಳುತ್ತದೆ, ಅವನು ನರಳುತ್ತಾನೆ, ಹುಲಿ ಗುರುಗುಟ್ಟುತ್ತದೆ. ಹುಲಿಯ ಹೊಟ್ಟೆಯೊಳಗೆ ಪುಟ್ಟ ಆರ್ಗನ್ ಕೂಡ ಇದೆ!

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಮಡಿದ. ಅರಮನೆಯ ಸಂಗೀತದ ಕೋಣೆಯಲ್ಲಿ ಈ ಹುಲಿ ಬ್ರಿಟಿಷರ ಕೈಗೆ ಸಿಕ್ಕಿತು. 1808ರಿಂದ ಅದನ್ನು ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಪ್ರದರ್ಶಿಸಿತು. ಬಂದವರೆಲ್ಲ ಹಿಡಿ ತಿರುಗಿಸುತ್ತಿದ್ದರಿಂದ ಅಲ್ಲಿನ ಪುಸ್ತಕಾಲಯದ ಓದುಗರಿಗೆ ತಲೆನೋವು. 1880ರಲ್ಲಿ ಅದು ಈಗಿನ ಮ್ಯೂಸಿಯಂ ಸೇರಿತು.

ಗಮನಿಸಿ: ಶ್ರೀರಂಗಪಟ್ಟಣದಲ್ಲಿ ಅದು ಕಂಪನಿಯ ಮೇಲಿನ ಸುಲ್ತಾನನ ಸಿಟ್ಟು. ಲಂಡನ್ನಿನಲ್ಲಿ ಅದೇ ಹುಲಿ ಗೆದ್ದವರ ಲೂಟಿ, ಸೋತವನ ಕ್ರೌರ್ಯಕ್ಕೆ ಸಾಕ್ಷಿ. ಹುಲಿ ಬದಲಾಗಲಿಲ್ಲ, ಹಿಡಿ ತಿರುಗಿಸುವ ಕೈ ಬದಲಾಯಿತು.

ನಮ್ಮ ನಾಡಿನಲ್ಲೂ ಕಥೆ ಒಂದೇ ಅಲ್ಲ. ಟಿಪ್ಪುವನ್ನು ವೀರನೆಂದು ನೆನೆಯುವವರು ಎಷ್ಟೋ ಜನ. ಕೊಡಗಿನ ನೆನಪು ಬೇರೆ. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರಲ್ಲಿ ಇಂದಿಗೂ ನರಕ ಚತುರ್ದಶಿ ಆಚರಿಸದ ಮನೆಗಳಿವೆ. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಿಡಬೇಕಿಲ್ಲ.

ಸ್ನೇಹಿತರು "ಇದೇನು?" ಎಂದು ಕೇಳಿಯೇ ಕೇಳುತ್ತಾರೆ. ಫಲಕ ಓದಿಸಿ, ಉಳಿದ ಕಥೆಯನ್ನು ನೀವೇ ಹೇಳಿ.